ಮನಿಗೆ ನೂರು ವ್ಯಾಟ್ ಯಾಕ್ರೀ?

"ಸರ, ಮದುವಿ ಕಾರ್ಯಕ್ರಮಕ್ಕೇನ್ರಿ?"

ಹುಬ್ಬಳ್ಳಿಯ ಅಂಗಡಿಯವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಕೇಳಿದ್ದು ಎಡ, ಬಲ ಎರಡೇ ಚಾನೆಲ್‌ನ ಒಂದು ಆಂಪ್ಲಿಫೈಯರ್. ಒಂದೊಂದು ಚಾನೆಲ್‌ಗೆ 80ರಿಂದ 100 ವ್ಯಾಟ್. ಮುಂದೆ ಒಂದು ವಾಲ್ಯೂಮ್ ಗುಂಡಿ, ಒಂದು ಸೆಲೆಕ್ಟರ್ ಇದ್ದರೆ ಸಾಕು, ಬೇರೇನೂ ಬೇಡ ಅಂದೆ. ಮನೆಗೆ ಅಂದಾಗ ನಕ್ಕುಬಿಟ್ಟರು. "ಮನಿಗೆ ನೂರು ವ್ಯಾಟ್ ಯಾಕ್ರೀ? ಓಣಿ ಮಂದಿ ಎಲ್ಲಾ ಎದ್ದು ಬರ್ತಾರ್ರಿ."

ಅವರ ನಗುವಿನಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ವ್ಯಾಟ್ ಅಂದ್ರೆ ಗಣಪತಿ ಮೆರವಣಿಗೆ. ಟ್ರ್ಯಾಕ್ಟರ್ ಮೇಲೆ ಎರಡಾಳೆತ್ತರ ಪೇರಿಸಿದ ಡಿಜೆ ಬಾಕ್ಸು, ಎದೆಗೆ ಗುದ್ದುವ ಬೇಸು, ದುರ್ಗದಬೈಲಿನ ಅಂಗಡಿಗಳ ಶಟರ್ ಗಡಗಡ. ಇಂಥದ್ದನ್ನು ನೋಡಿ ಬೆಳೆದವರಿಗೆ ಜಾಸ್ತಿ ವ್ಯಾಟ್ ಅಂದ್ರೆ ಜಾಸ್ತಿ ಗದ್ದಲ. ನಾನೂ ನಲವತ್ತು ದಾಟುವ ತನಕ ಹಾಗೇ ತಿಳಿದಿದ್ದೆ.

ಹಾಗೆ ತಿಳಿಯಲು ನನ್ನ ಹತ್ತಿರ ಗಟ್ಟಿ ಸಾಕ್ಷಿಯೂ ಇತ್ತು. ಅಪ್ಪನ ವಾಲ್ವ್ ರೇಡಿಯೋ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ನಮ್ಮ ಮನೆಗೆ ರೇಡಿಯೋ ಬಂದಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಹಚ್ಚಿದ ಮೇಲೆ ವಾಲ್ವ್ ಕಾಯಲು ಅರ್ಧ ನಿಮಿಷ, ಆಮೇಲೆ ಮೆಲ್ಲಗೆ ದನಿ. ಆ ರೇಡಿಯೋದ ಶಕ್ತಿ ಎರಡು ಮೂರು ವ್ಯಾಟ್ ಇದ್ದರೆ ಹೆಚ್ಚು. ಆದರೂ ಗಂಗೂಬಾಯಿ ಹಾನಗಲ್ಲರ ದನಿ ಪಡಸಾಲೆ ದಾಟಿ, ನಡುಮನೆ ದಾಟಿ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅವ್ವನಿಗೂ ಕೇಳಿಸುತ್ತಿತ್ತು. ಮೂರು ವ್ಯಾಟ್‌ನಲ್ಲಿ ಇಡೀ ಮನೆ ತುಂಬುತ್ತಿದ್ದರೆ ನೂರು ಯಾಕೆ ಬೇಕು? ಈ ಪ್ರಶ್ನೆಗೆ ಉತ್ತರ ಸಿಗಲು ನನಗೆ ಮೂರು ಪೆಟ್ಟಿಗೆ ಮತ್ತು ಸುಮಾರು ಇಪ್ಪತ್ತೈದು ವರ್ಷ ಹಿಡಿಯಿತು.

ಮೊದಲನೆಯದು ಕಾಲೇಜಿನ ದಿನಗಳದ್ದು. ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವವರೊಬ್ಬರು ತಗಡಿನ ಡಬ್ಬಿಯಲ್ಲಿ ಜೋಡಿಸಿಕೊಟ್ಟಿದ್ದರು. ಒಳಗೆ ಎಸ್‌ಟಿಕೆ 4141. ಆಗ ಅಸೆಂಬಲ್ ಸೆಟ್ ಮಾಡಿಸಿದವರಿಗೆಲ್ಲ ಈ ನಂಬರ್ ಬಾಯಿಪಾಠ. ಜಪಾನಿನ ಸ್ಯಾನ್ಯೋ ಕಂಪನಿಯ ಹೈಬ್ರಿಡ್ ಐಸಿ ಅದು, ಒಂದೇ ತುಂಡಿನಲ್ಲಿ ಎರಡು ಚಾನೆಲ್, ಒಂದೊಂದಕ್ಕೆ 25 ವ್ಯಾಟ್. ಹಾಡು ಚೆನ್ನಾಗೇ ಕೇಳುತ್ತಿತ್ತು. ಒಂದೇ ತೊಂದರೆ ಅಂದರೆ ಹಿಂದೆ ಸದಾ ಗುಂಯ್ ಅನ್ನುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಅದನ್ನು ರೆಕ್ಟಿಫೈ ಮಾಡಿದರೆ, ಅಂದರೆ ಎಸಿಯನ್ನು ಡಿಸಿ ಮಾಡಿದರೆ, ಗುಂಯ್ 100 ಹರ್ಟ್ಸ್. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದಕ್ಕಿಂತ ಒಂದು ಚೂರು ಮೇಲೆ. ಕರಿ ಒಂದರಲ್ಲಿ ಹಾಡುವ ಗವಾಯಿಗಳ ಹಿಂದೆ ಬಿಳಿ ಐದರ ತಂಬೂರಿ ಹಿಡಿದು ಒಬ್ಬ ಮೂರ್ಖ ಕೂತ ಹಾಗೆ. ವರ್ಷಗಟ್ಟಲೆ ಸಹಿಸಿಕೊಂಡೆ. ಕೊನೆಗೊಬ್ಬರು ಡಬ್ಬಿ ತೆಗೆದು, ಸೊರಗಿದ್ದ ಫಿಲ್ಟರ್ ಕೆಪಾಸಿಟರ್ ಬದಲಿಸಿದರು. ಹತ್ತು ನಿಮಿಷದ ಕೆಲಸ!

ಎರಡನೆಯದು ಹೋಮ್ ಥಿಯೇಟರ್. ಇದರ ಬಗ್ಗೆ ಮಾತು ಕಮ್ಮಿ ಆಡಿದಷ್ಟೂ ನನ್ನ ಮರ್ಯಾದೆಗೆ ಒಳ್ಳೆಯದು. ಐದು ಸಣ್ಣ ಸ್ಪೀಕರ್, ಒಂದು ಸಬ್‌ವೂಫರ್, ನಲವತ್ತು ಗುಂಡಿಯ ರಿಮೋಟು, ಡಬ್ಬದ ಮೇಲೆ ಬಂಗಾರದ ಅಕ್ಷರದಲ್ಲಿ ಸಾವಿರಾರು ವ್ಯಾಟ್ ಪಿಎಂಪಿಓ. ಒಂದು ದಿನ ಕಸ ಹೊಡೆಯಲು ಪೆಟ್ಟಿಗೆ ತಿರುಗಿಸಿದಾಗ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದು ಕಂಡಿತು: ಕರೆಂಟ್ ಬಳಕೆ 85 ವ್ಯಾಟ್. ಗೋಡೆಯಿಂದ 85 ವ್ಯಾಟ್ ತಗೊಂಡು ಸ್ಪೀಕರ್‌ಗೆ ಸಾವಿರಾರು ವ್ಯಾಟ್ ಕೊಡುವ ಪೆಟ್ಟಿಗೆ ಇದ್ದರೆ ಅದನ್ನು ಮನೆಯಲ್ಲಿ ಯಾಕೆ ಇಡಬೇಕು, ಊರಿಗೆ ಕರೆಂಟ್ ಕೊಡಬಹುದಲ್ವಾ? ಪಿಎಂಪಿಓ ಅಂದರೆ ಅಳತೆಯಲ್ಲ, ಮಾರುವವರ ಬಾಯಿಗೆ ಬಂದ ಸಂಖ್ಯೆ. ಆರ್‌ಎಂಎಸ್, ಅಂದರೆ ಪೆಟ್ಟಿಗೆ ಬಿಡದೆ ಕೊಡಬಲ್ಲ ಶಕ್ತಿ, ಅದರ ಲೆಕ್ಕವೇ ಲೆಕ್ಕ. ಆ ಪೆಟ್ಟಿಗೆಗೆ ಹೆಚ್ಚು ಆಯುಷ್ಯವೂ ಇರಲಿಲ್ಲ. ಒಂದು ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಹೊಡೆಯಿತು, ಪೆಟ್ಟಿಗೆ ಸತ್ತಿತು. ರಿಪೇರಿಗೆ ಒಯ್ದರೆ ಬೋರ್ಡ್ ಸಿಗೋದಿಲ್ಲ, ಹೊಸದು ತಗೊಳ್ಳಿ ಅಂದರು. ಐದಾರು ವರ್ಷದ ಸಾಮಾನು. ಎಸ್‌ಟಿಕೆ ಡಬ್ಬಿ ಮಾತ್ರ ಅಟ್ಟದ ಮೇಲೆ ಇನ್ನೂ ಜೀವಂತ ಇತ್ತು.

ಮೂರನೆಯ ಪೆಟ್ಟಿಗೆ ನನ್ನದಲ್ಲ. ಗದುಗಿನಲ್ಲಿ ಒಬ್ಬ ಗೆಳೆಯನದು. ಅವನ ಮನೆ ವೀರೇಶ್ವರ ಪುಣ್ಯಾಶ್ರಮಕ್ಕೆ ನಡೆದು ಹೋಗುವಷ್ಟು ದೂರ. ಸಣ್ಣವನಿದ್ದಾಗಿನಿಂದ ಆಶ್ರಮದ ಅಹೋರಾತ್ರಿ ಸಂಗೀತ ಕೇಳಿದ ಕಿವಿ ಅವನದು. ಪುಟ್ಟರಾಜ ಗವಾಯಿಗಳನ್ನು ಎದುರಿಗೆ ಕೂತು ಕೇಳಿದವನು. ಇಂಥವನು ತನ್ನ ಸಣ್ಣ ಖೋಲಿಯಲ್ಲಿ, ಹೆಚ್ಚು ಕಮ್ಮಿ ನನ್ನ ಪಡಸಾಲೆಯ ಅರ್ಧದಷ್ಟಿರಬೇಕು, 100 ವ್ಯಾಟ್‌ನ ಹಳೆಯ ಪವರ್ ಆಂಪ್ ಇಟ್ಟುಕೊಂಡಿದ್ದ. ನಾನೂ ಹುಬ್ಬಳ್ಳಿ ಅಂಗಡಿಯವರ ಹಾಗೇ ನಕ್ಕೆ. ಅವನು ಮಾತಾಡಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಒಂದು ಕಚೇರಿಯ ಧ್ವನಿಮುದ್ರಣ ಹಚ್ಚಿದ.

ದನಿ ದೊಡ್ಡದಿರಲಿಲ್ಲ. ಚಹಾ ಕುಡಿಯುತ್ತಾ ಮಾತಾಡಬಹುದಿತ್ತು. ಆದರೆ ತಬಲಾದ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬಿದ್ದಾಗ ನಾನು ಕಪ್ಪು ಕೆಳಗಿಟ್ಟೆ. ಅದೇ ಧ್ವನಿಮುದ್ರಣ ನನ್ನ ಮನೆಯಲ್ಲೂ ಇದೆ. ನನ್ನ ಸೆಟ್‌ನಲ್ಲಿ ಆ ಪೆಟ್ಟು 'ಟಪ್' ಅನ್ನುತ್ತಿತ್ತು, ಜೊತೆಗೆ ತಂಬೂರಿಯೂ ಒಂದು ಕ್ಷಣ ಮಂಕಾಗುತ್ತಿತ್ತು. ಇಲ್ಲಿ ಎಡಗೈಯ ಬಾಯಾದ ಮೇಲೆ ಅಂಗೈ ಜಾರಿದ್ದು ಬೇರೆ, ಬಲಗೈಯ ದಾಯಾದ ಅಂಚಿನ ಪೆಟ್ಟು ಬೇರೆ, ಅದರ ಹಿಂದೆ ತಂಬೂರಿ ಅಲ್ಲಾಡದೆ ಹಾಗೇ ನಿಂತಿದೆ. ವಾಲ್ಯೂಮ್ ಎಷ್ಟಿದೆ ಅಂತ ಕೇಳಿದೆ. ಗುಂಡಿ ಎಂಟು ಗಂಟೆಯ ಮುಳ್ಳಿನ ಜಾಗದಲ್ಲಿತ್ತು, ಅಂದರೆ ಹೆಚ್ಚು ಕಮ್ಮಿ ಶುರುವಿನಲ್ಲೇ.

ಅವತ್ತು ರಾತ್ರಿ ಗದಗ ಸ್ಟೇಷನ್‌ನಲ್ಲಿ ಗಾಡಿ ಕಾಯುತ್ತಾ ಫೋನ್‌ನಲ್ಲೇ ಲೆಕ್ಕ ಹಾಕಿದೆ. ಈ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ನನ್ನ ಇಪ್ಪತ್ತೈದು ವರ್ಷದ ತಪ್ಪು ಇದ್ದದ್ದು ಇಲ್ಲೇ.

ಮನೆಯಲ್ಲಿಡುವ ಸಾಧಾರಣ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ 86, 87 ಡೆಸಿಬೆಲ್ (ದನಿಯ ಅಳತೆ) ಬರುತ್ತದೆ. ಇದಕ್ಕೆ ಸೆನ್ಸಿಟಿವಿಟಿ ಅಂತಾರೆ. ಮೂರು ಮೀಟರ್ ದೂರ ಕೂತರೆ, ಎರಡೂ ಸ್ಪೀಕರ್ ಸೇರಿ, 80ರ ಆಸುಪಾಸು ಕೇಳಿಸುತ್ತದೆ. ಅದೇ ನಮಗೆ ಜಾಸ್ತಿ. ಸಂಜೆ ಹೊತ್ತು ಆರಾಮಾಗಿ ಕೇಳುವಾಗ 75 ಸಾಕು. ಅಂದರೆ ಒಂದೊಂದು ಸ್ಪೀಕರ್‌ಗೆ ಹೋಗುತ್ತಿರುವುದು ಬರೀ ಕಾಲು ವ್ಯಾಟ್. ಅಂಗಡಿಯವರು ನಕ್ಕಿದ್ದು ಸರಿಯೇ ಇದೆ.

ಆದರೆ ಅದು ಸರಾಸರಿ. ಸಂಗೀತ ಸರಾಸರಿಯಲ್ಲಿ ನಡೆಯೋದಿಲ್ಲ. ಸಮ್‌ನ ಪೆಟ್ಟು, ಸಂತೂರ್‌ನ ತಂತಿಗೆ ಬಿದ್ದ ಕಡ್ಡಿ, ಪಖಾವಾಜದ ಥಾಪು, ಇವೆಲ್ಲ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತವೆ. ಒಳ್ಳೆಯ ಧ್ವನಿಮುದ್ರಣದಲ್ಲಿ ಅಂಥ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. 10 ಡೆಸಿಬೆಲ್ ಅಂದರೆ ಹತ್ತು ಪಟ್ಟು ಶಕ್ತಿ. 20 ಅಂದರೆ ನೂರು ಪಟ್ಟು! ಕಾಲು ವ್ಯಾಟ್‌ನಲ್ಲಿ ಹಾಡುತ್ತಿರುವ ಆಂಪ್ ಆ ಒಂದು ಕ್ಷಣಕ್ಕೆ 25 ವ್ಯಾಟ್ ಕೊಡಬೇಕು. ನನ್ನ ಎಸ್‌ಟಿಕೆ ಡಬ್ಬಿಯ ದಮ್ಮು ಅಲ್ಲಿಗೆ ಮುಗಿಯಿತು. ಮನಸ್ಸು ತುಂಬಿ ವಾಲ್ಯೂಮ್ ಇನ್ನೊಂದಿಷ್ಟು ಏರಿಸಿದಿರಿ, ಸರಾಸರಿ ಒಂದು ವ್ಯಾಟ್ ಆಯಿತು ಅಂದ್ಕೊಳ್ಳಿ. ಆ ಪೆಟ್ಟು ಬಿದ್ದಾಗ 100 ಬೇಕು.

ಆ ಶಕ್ತಿ ಇಲ್ಲದ ಆಂಪ್ ಏನು ಮಾಡುತ್ತದೆ? ಅಲೆಯ ತಲೆ ಕತ್ತರಿಸುತ್ತದೆ. ಕ್ಲಿಪ್ಪಿಂಗ್ ಅನ್ನೋದು ಇದಕ್ಕೇ. ಕತ್ತರಿಸಿದ ಆ ಚೂಪು ಅಂಚಿನಿಂದ ಮೂಲದಲ್ಲಿ ಇಲ್ಲದ ಕರ್ಕಶ ಸ್ವರಗಳು ಹುಟ್ಟುತ್ತವೆ. ಅದೇ ಹೊತ್ತಿನಲ್ಲಿ ಬಂದ ತಂಬೂರಿ, ಗಾಯಕರ ದನಿ, ಎಲ್ಲಕ್ಕೂ ಅದು ಮೆತ್ತಿಕೊಳ್ಳುತ್ತದೆ. ಹೆಚ್ಚು ಹೊತ್ತು ಹೀಗೇ ಎಳೆದಾಡಿದರೆ ಟ್ವೀಟರ್, ಅಂದರೆ ಮೇಲಿನ ಸ್ವರಗಳ ಸಣ್ಣ ಸ್ಪೀಕರ್, ಸುಡುತ್ತದೆ. ದೊಡ್ಡ ಆಂಪ್ ಹಚ್ಚಿದರೆ ಸ್ಪೀಕರ್ ಸುಡುತ್ತದೆ ಅಂತ ಹೆದರುವವರು ಬಹಳ. ನಾನು ನೋಡಿದ ಮಟ್ಟಿಗೆ ಸಣ್ಣ ಆಂಪ್ ಅನ್ನು ಕೊನೆಯ ತನಕ ತಿರುಗಿಸಿ ಸುಟ್ಟವರೇ ಜಾಸ್ತಿ. ನಾನೇ ಎರಡು ಟ್ವೀಟರ್ ಬದಲಿಸಿದ್ದೇನೆ.

ಇದನ್ನು ಗವಾಯಿಗಳ ಭಾಷೆಯಲ್ಲಿ ಹೇಳುವುದು ಸುಲಭ. ಮನ್ಸೂರರು ಹಾಡಿದ್ದು ಜೈಪುರ-ಅತ್ರೌಲಿ ಘರಾಣೆ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಬುರ್ಜೀ ಖಾನರ ಹತ್ತಿರ ಕಲಿತದ್ದು. ಒಂದೇ ಉಸಿರಿನಲ್ಲಿ ಸುತ್ತಿ ಸುತ್ತಿ ಬರುವ ಉದ್ದನೆಯ ತಾನ್ (ವೇಗದ ಸ್ವರಗಳ ಸರಣಿ) ಆ ಘರಾಣೆಯ ಗುರುತು. ತಾನ್ ಮುಗಿದು ಸಮ್‌ಗೆ ಬಂದಾಗಲೂ ಇನ್ನೂ ಉಸಿರು ಮಿಕ್ಕಿದೆ ಅನ್ನಿಸುತ್ತದೆ. ಉಸಿರು ಸಾಲದ ಹಾಡುಗಾರನೂ ಅದೇ ತಾನ್ ಹೇಳಬಹುದು, ಆದರೆ ಕೊನೆಯ ಎರಡು ಸ್ವರಕ್ಕೆ ಕುತ್ತಿಗೆ ನರ ಎದ್ದಿರುತ್ತದೆ. ಕೇಳುವವನಿಗೂ ಆ ಒತ್ತಡ ತಾಗುತ್ತದೆ. ಸಣ್ಣ ಆಂಪ್‌ನಲ್ಲಿ ನನಗೆ ತಾಗುತ್ತಿದ್ದದ್ದು ಅದೇ. ಗದುಗಿನಲ್ಲಿ ಅದು ಇರಲಿಲ್ಲ.

ಹಾಗಾದರೆ ಅಪ್ಪನ ರೇಡಿಯೋ? ಅದರ ಲೆಕ್ಕ ಬೇರೆ. ಮೀಡಿಯಂ ವೇವ್‌ನಲ್ಲಿ ಬರುವ ದನಿಯ ಏರಿಳಿತವನ್ನು ಪ್ರಸಾರ ಮಾಡುವಾಗಲೇ ಒತ್ತಿ ಸಮ ಮಾಡಿರುತ್ತಾರೆ. ಆಳದ ಬೇಸು ಇಲ್ಲ, ಮೇಲಿನ ಸ್ವರಗಳೂ ಇಲ್ಲ. ಸ್ಪೀಕರ್ ಹಗುರ ಕಾಗದದ ದೊಡ್ಡ ಕೋನು, ಕಮ್ಮಿ ಶಕ್ತಿಗೇ ಕೂಗುತ್ತದೆ. ಮೂರು ವ್ಯಾಟ್ ಅದಕ್ಕೆ ಸಾಕು. ಇವತ್ತಿಗೂ ನೀವು ಕೇಳುವುದು 78 ಆರ್‌ಪಿಎಂ ತಟ್ಟೆಗಳ ಹಳೆಯ ಮೂರು ನಿಮಿಷದ ಹಾಡುಗಳನ್ನೇ ಆದರೆ ಈ ಬರಹ ಇಲ್ಲಿಗೇ ಬಿಡಿ, 20 ವ್ಯಾಟ್ ಬೇಕಾದಷ್ಟಾಯಿತು. ದುಡ್ಡು ಉಳಿಸಿ.

ಇನ್ನು ಆರಿಸುವ ಮಾತು.

ಮೊದಲು ಒಂದು ಸಮಾಧಾನ. 60 ವ್ಯಾಟ್‌ನದೋ 80 ವ್ಯಾಟ್‌ನದೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಶಕ್ತಿ ದುಪ್ಪಟ್ಟಾದರೂ ಸಿಗುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಗೊತ್ತಾಗುವಷ್ಟು, ಅಷ್ಟೇ. ಕಿವಿಗೆ ದುಪ್ಪಟ್ಟು ದೊಡ್ಡದಾಗಿ ಕೇಳಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. 25ರಿಂದ 100ಕ್ಕೆ ಹೋದರೆ ಅರ್ಥ ಇದೆ. 60ರಿಂದ 80ಕ್ಕೆ ಹೋಗಲು ಜಾಸ್ತಿ ದುಡ್ಡು ಕೇಳಿದರೆ ನಮಸ್ಕಾರ ಹೇಳಿ ಬನ್ನಿ.

ನಾನು ಮೊದಲು ನೋಡುವುದು 8 ಓಮ್‌ನ ಅಂಕಿ ಮತ್ತು 4 ಓಮ್‌ನ ಅಂಕಿ ಎರಡೂ ಬರೆದಿದ್ದಾರಾ ಅಂತ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಸ್ಪೀಕರ್ ಮೇಲೆ 8 ಓಮ್ ಅಂತ ಇದ್ದರೂ ಸ್ವರ ಬದಲಾದ ಹಾಗೆ ಅದು ಕೆಳಗೂ ಇಳಿಯುತ್ತದೆ, ಆಗ ಆಂಪ್ ಹೆಚ್ಚು ಕರೆಂಟ್ ಕೊಡಬೇಕು. 8 ಓಮ್‌ಗೆ 80 ಕೊಡುವ ಪೆಟ್ಟಿಗೆ 4 ಓಮ್‌ಗೆ 120, 130 ಕೊಡುತ್ತದೆ ಅಂದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಗಟ್ಟಿ ಇದೆ. ಬರೀ 4 ಓಮ್‌ನದು ಬರೆದು, ಪಕ್ಕದಲ್ಲಿ ಡಿಸ್ಟಾರ್ಷನ್ (ದನಿ ಕೆಡುವ ಪ್ರಮಾಣ) 10 ಪರ್ಸೆಂಟ್ ಅಂತ ಇರುವೆ ಅಕ್ಷರದಲ್ಲಿ ಹಾಕಿದ್ದರೆ ಆ ಸಂಖ್ಯೆಯನ್ನು ಅರ್ಧ ಮಾಡಿ ಓದಿಕೊಳ್ಳಿ. 10 ಪರ್ಸೆಂಟ್ ಅಂದ್ರೆ ಅಷ್ಟೊತ್ತಿಗೆ ಕ್ಲಿಪ್ ಆಗಿ ಕೂತಿರುತ್ತದೆ. ಆಮೇಲೆ, ಎತ್ತಿ ನೋಡುವುದು. ಹಳೆ ಮಾದರಿಯ ಎಬಿ ಕ್ಲಾಸ್ ಆಂಪ್ (ಕ್ಲಾಸ್ ಅನ್ನೋದು ಒಳಗಿನ ಸರ್ಕ್ಯೂಟ್ ಕೆಲಸ ಮಾಡುವ ಬಗೆಯ ಹೆಸರು) ಹತ್ತು ಕೆಜಿ ಆಸುಪಾಸು ಇರಬೇಕು. ಕಲ್ಲಂಗಡಿ ತಟ್ಟಿ ನೋಡಿದ ಹಾಗೆ ಇದು, ಶಾಸ್ತ್ರ ಅಲ್ಲ, ಆದರೆ ಮೋಸ ಕಮ್ಮಿ.

ಕಾಗದದ ಮೇಲಿನ ಸಂಖ್ಯೆ ಸಣ್ಣದಿದ್ದೂ ದಮ್ಮು ದೊಡ್ಡದಿರುವುದೂ ಉಂಟು. 1978ರಲ್ಲಿ ಬಂದ ಎನ್‌ಎಡಿ 3020 ಅದಕ್ಕೆ ಹೆಸರುವಾಸಿ. ಎರಿಕ್ ಎಡ್ವರ್ಡ್ಸನ್ ಅನ್ನುವವರು ವಿನ್ಯಾಸ ಮಾಡಿದ್ದು, ಬರೆದದ್ದು ಬರೀ 20 ವ್ಯಾಟ್. ಆದರೆ ಕ್ಷಣದ ಪೆಟ್ಟು ಬಂದಾಗ ಅದಕ್ಕಿಂತ ಬಹಳ ಮೇಲೆ ಹೋಗುತ್ತಿತ್ತು, ತಲೆ ಕತ್ತರಿಸುವ ಹೊತ್ತು ಬಂದಾಗಲೂ ಅಂಚು ಮೆತ್ತಗೆ ಮಾಡುವ ಸಾಫ್ಟ್ ಕ್ಲಿಪ್ಪಿಂಗ್ ಇತ್ತು. ನೋಡಲು ಬೂದು ಬಣ್ಣದ ಸಾದಾ ಡಬ್ಬಿ. ಅದನ್ನು ಇಟ್ಟುಕೊಂಡವರು ಇವತ್ತಿಗೂ ಮಾರುವುದಿಲ್ಲ.

ಈಗ ಕ್ಲಾಸ್ ಡಿ ಕಾಲ. ಈ ಡಿ ಅಂದರೆ ಡಿಜಿಟಲ್ ಅಲ್ಲ, ಎ, ಬಿ, ಸಿ ಆದ ಮೇಲಿನ ಅಕ್ಷರ ಅಷ್ಟೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ ಹಾಕಿದ ಅಂಗೈಯಗಲದ ಚೀನೀ ಡಬ್ಬಿಗಳು ಎಲ್ಲಾ ಕಡೆ ಸಿಗುತ್ತವೆ, ಮೇಲೆ 300 ವ್ಯಾಟ್ ಅಂತ ಬರೆದಿರುತ್ತದೆ. ಜೊತೆಗೆ ಬಂದ ಅಡಾಪ್ಟರ್ ನೋಡಿ. 32 ವೋಲ್ಟ್, 5 ಆಂಪಿಯರ್ ಇದ್ದರೆ ಗುಣಿಸಿ: 160 ವ್ಯಾಟ್, ಅದೂ ಎರಡೂ ಚಾನೆಲ್ ಸೇರಿ. 48 ವೋಲ್ಟ್‌ನದು ತಗೊಂಡರೆ ಉತ್ತಮ. ಅಳಿಯನೊಬ್ಬ ಇಂಥದ್ದೊಂದನ್ನು ಒಂದು ವಾರಕ್ಕೆ ತಂದುಕೊಟ್ಟಿದ್ದ. ಹೀಗಳೆಯಬೇಕು ಅಂತಲೇ ಕೂತೆ, ಹೀಗಳೆಯಲು ಏನೂ ಸಿಗಲಿಲ್ಲ. ಸ್ವಚ್ಛ ದನಿ, ಬಿಸಿ ಇಲ್ಲ, ಗುಂಯ್ ಇಲ್ಲ. ಕೊಟ್ಟ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಪೀಕರ್‌ಗೇ ಹೋಗುತ್ತದೆ, ಎಬಿ ಕ್ಲಾಸ್‌ನಲ್ಲಾದರೆ ಹೆಚ್ಚು ಕಮ್ಮಿ ಅರ್ಧ ಬರೀ ಬಿಸಿಯಾಗಿ ಹೋಗುತ್ತದೆ.

ಹಳ್ಳಿಯಲ್ಲಿರುವವರಿಗಂತೂ ನಾನು ಕ್ಲಾಸ್ ಡಿ ಅಂತಲೇ ಹೇಳುತ್ತೇನೆ. ಕಾರಣ ವೋಲ್ಟೇಜು. ಬೇಸಿಗೆಯಲ್ಲಿ ಪಂಪ್‌ಸೆಟ್ ಶುರುವಾದರೆ 230 ಇರಬೇಕಾದ್ದು 190ಕ್ಕೆ ಬಂದು ಕೂರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಆಂಪ್‌ನಲ್ಲಿ ಒಳಗಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಶಕ್ತಿ ಅದರ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯುತ್ತದೆ. 100 ವ್ಯಾಟ್‌ನ ಪೆಟ್ಟಿಗೆ ಹೇಳದೆ ಕೇಳದೆ 68 ವ್ಯಾಟ್ ಆಗಿಬಿಡುತ್ತದೆ. ಅಡಾಪ್ಟರ್ 100ರಿಂದ 240ರ ತನಕ ಒಪ್ಪುವಂಥದ್ದಾದರೆ ಈ ತಾಪತ್ರಯ ಇಲ್ಲ. ಸಿಡಿಲಿಗೆ ಮಾತ್ರ ಎರಡೂ ಒಂದೇ. ಮುಗಿಲು ಗುಡುಗಿತು ಅಂದ್ರೆ ಪ್ಲಗ್ ಕಿತ್ತು ಬಿಸಾಕಿ, ಭೈರವಿ ನಡೆದಿದ್ದರೂ ಸರಿ.

ವೈರಿನ ಬಗ್ಗೆ ಬೇಗ ಮುಗಿಸುತ್ತೇನೆ. ಮನೆ ವೈರಿಂಗ್‌ಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ತನ್ನಿ. ಐದು ಮೀಟರ್ ಹೋಗಿ ಐದು ಮೀಟರ್ ಬಂದರೂ ಅದರ ತಡೆ ಒಂದು ಓಮ್‌ನ ಹತ್ತನೇ ಒಂದು ಪಾಲೂ ಇಲ್ಲ. ಸಾವಿರಾರು ರೂಪಾಯಿಯ ವೈರ್‌ನಲ್ಲಿ ರಾಗದ ಭಾವ ಜಾಸ್ತಿ ಬರುತ್ತದೆ ಅನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಚಹಾ ಕುಡಿಸಿ ಕಳಿಸುತ್ತೇನೆ.

ಇಷ್ಟೆಲ್ಲ ಹೇಳಿ ನಾನು ತಗೊಂಡಿದ್ದು ಮಾತ್ರ ಭಾರದ್ದೇ. ಎಬಿ ಕ್ಲಾಸ್, 8 ಓಮ್‌ಗೆ 85 ವ್ಯಾಟ್, 11 ಕೆಜಿ. ಬೆಲೆ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ. ಕಿವಿಯ ಮಾತಾದರೆ ಅಳಿಯನ ಡಬ್ಬಿಗೂ ಇದಕ್ಕೂ ನನಗೆ ಹೇಳಿಕೊಳ್ಳುವ ವ್ಯತ್ಯಾಸ ಕೇಳಿಸಲಿಲ್ಲ. ಕಾರಣ ರಿಪೇರಿ. ಹೋಮ್ ಥಿಯೇಟರ್ ಸತ್ತ ಮೇಲೆ ನನಗೆ ಹುಬ್ಬಳ್ಳಿಯ ಆ ರಿಪೇರಿಯವರು ಕೈ ಹಾಕಬಲ್ಲ ಸಾಮಾನೇ ಬೇಕಿತ್ತು. ಸಾದಾ ಸ್ಟೀರಿಯೋ ಆಂಪ್‌ನಲ್ಲಿ ಕೆಡುವುದು ನಾಲ್ಕೈದೇ: ಟ್ರಾನ್ಸಿಸ್ಟರ್, ಕೆಪಾಸಿಟರ್, ರಿಲೇ, ಕರಕರ ಅನ್ನುವ ವಾಲ್ಯೂಮ್ ಗುಂಡಿ. ಎಲ್ಲವೂ ಬೆಸುಗೆ ಬಿಚ್ಚಿ ಬದಲಿಸುವಂಥವು. ಪರದೆ ಇಲ್ಲ, ಅಪ್‌ಡೇಟ್ ಕೇಳುವುದಿಲ್ಲ, ನಿಮ್ಮ ಫೋನ್ ಹೊಸದಾದರೆ ಮುನಿಸಿಕೊಳ್ಳುವುದಿಲ್ಲ. ಮುಂದೆ ಫೋನ್ ಹೋಗಿ ಇನ್ನೇನೋ ಬಂದರೂ ಅದಕ್ಕೆ ಬೇಕಾದದ್ದು ಎರಡು ಆರ್‌ಸಿಎ ಪಿನ್ನು. ಬೇಸ್, ಟ್ರೆಬಲ್ ಗುಂಡಿ ಇರಲೇಬಾರದು ಅನ್ನುವ ಮಡಿವಂತರೂ ಇದ್ದಾರೆ. ನಾನು ಅವರಲ್ಲ. ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಹಾಡಿಗೆ ಟ್ರೆಬಲ್ ಸ್ವಲ್ಪ ತಗ್ಗಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಗುಂಡಿ ಒತ್ತಿದರೆ ಮೂರ್ನಾಲ್ಕು ಸೆಕೆಂಡ್ ಸುಮ್ನೆ ಇರುತ್ತದೆ. ಆಮೇಲೆ ಒಳಗೆ ರಿಲೇ 'ಟಕ್' ಅನ್ನುತ್ತದೆ. ಅಪ್ಪನ ರೇಡಿಯೋ ಬಿಸಿಯಾಗಲು ಕಾಯುತ್ತಿದ್ದದ್ದು ನೆನಪಾಗುತ್ತದೆ, ಆ ಅರ್ಧ ನಿಮಿಷದ ಮುಂದೆ ಇದೇನೂ ಅಲ್ಲ.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆ ಹಳೆಯದು. ಮೇಲೆ ಮಂಗಳೂರು ಹಂಚು, ಕೆಳಗೆ ಕಲ್ಲಿನ ನೆಲ. ಅವ್ವನಿಗೆ ಈಗ ಎಂಬತ್ತು ದಾಟಿದೆ. ಪಡಸಾಲೆಯ ಪಕ್ಕದ ಖೋಲಿಯಲ್ಲಿ ಅವಳ ಮಂಚ. ಎಸ್‌ಟಿಕೆ ಡಬ್ಬಿಯ ಕಾಲದಲ್ಲೂ, ಹೋಮ್ ಥಿಯೇಟರ್ ಕಾಲದಲ್ಲೂ ಅವಳದು ಒಂದೇ ಮಾತು: "ಸ್ವಲ್ಪ ಸಣ್ಣ ಮಾಡೋ, ತಲಿ ಹಿಡೀತದ." ಅದು ವಯಸ್ಸಿನ ಮಾತು ಅಂದುಕೊಂಡಿದ್ದೆ. ದನಿ ಒಡೆದು ಬಂದರೆ ಅದು ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ, ಕಿವಿಯ ಗುಣವೇ ಹಾಗೆ. ಇದು ನನಗೆ ಗೊತ್ತಾದದ್ದು ಹೊಸ ಪೆಟ್ಟಿಗೆ ಬಂದ ಮೇಲೆ.

ಮೊದಲ ದಿನ ಸಂಜೆ ಭೀಮಸೇನ ಜೋಶಿಯವರನ್ನು ಹಚ್ಚಿದ್ದೆ. ಫೋನ್‌ನ ಡೆಸಿಬೆಲ್ ಮೀಟರ್ ಮುಂದಿಟ್ಟುಕೊಂಡು ನೋಡಿದೆ, ಹಳೆಯ ಸೆಟ್‌ಗಿಂತ ನಾಲ್ಕೈದು ಡೆಸಿಬೆಲ್ ಜಾಸ್ತಿಯೇ ಇತ್ತು. ವಿಲಂಬಿತ ಮುಗಿಯಿತು, ದ್ರುತ್ ಶುರುವಾಯಿತು. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಅಂತ ಕಾಯುತ್ತಾ ಕೂತೆ. ಕೂಗಲಿಲ್ಲ. ಮಲಗಿದ್ದಾಳೇನೋ ಅಂತ ಹೋಗಿ ಇಣುಕಿದರೆ ಎಚ್ಚರ ಇದ್ದಳು, ಬೆರಳಲ್ಲಿ ಮಂಚದ ಪಟ್ಟಿಯ ಮೇಲೆ ತಾಳ.

"ಸಣ್ಣ ಮಾಡ್ಲೇನವಾ?" ಅಂದೆ.

"ಯಾಕ? ಇನ್ನ ಹಚ್ಚಿಯೇ ಇಲ್ಲಲ್ಲ," ಅಂದಳು.